ಮೂರಡಿ ಸಂದಿ ಮತ್ತು ಅಮ್ಮನ ಕಾಫಿ

ಹೋದ ತಿಂಗಳು ಒಂದು ಬೆಳಿಗ್ಗೆ ಅಮ್ಮ ಒಂದೇ ಒಂದು ಗುಟುಕು ಕಾಫಿ ಕುಡಿದು ಲೋಟ ಕೆಳಗಿಟ್ಟಳು. ಅಮ್ಮ ಕಾಫಿ ಲೋಟ ಅರ್ಧಕ್ಕೇ ಕೆಳಗಿಟ್ಟಳು ಅಂದರೆ ನಮ್ಮ ಮನೆಯಲ್ಲಿ ಅದು ಸಣ್ಣ ಸುದ್ದಿಯಲ್ಲ. ಅವಳ ಬಗ್ಗೆ ಈ ಅಂಕಣದಲ್ಲಿ ಮೊದಲೂ ಬರೆದಿದ್ದೇನೆ, ನಿಮಗೆ ಗೊತ್ತು.

"ಇದ್ರಲ್ಲಿ ಏನೋ ಇದೆ ಕಣೇ."

"ಚಿಕೋರಿ ಜಾಸ್ತಿ ಆಗಿರ್ಬೇಕು."

"ಮದುವೆಯಾದಾಗಿಂದ ಚಿಕೋರಿ ಕುಡೀತಿದ್ದೀನಿ. ಚಿಕೋರಿ ಯಾವ್ದು, ಚರಂಡಿ ಯಾವ್ದು ಅಂತ ಗೊತ್ತಾಗಲ್ವಾ ನಂಗೆ?"

ನಾನು ಕಾಫಿಪುಡಿ ಬದಲಾಯಿಸಿದೆ. ಹಾಲು ಬದಲಾಯಿಸಿದೆ. ಫಿಲ್ಟರನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. (ಓದಿಕೊಂಡವರ ಲಕ್ಷಣವೇ ಇದು. ನೀರೊಂದನ್ನು ಬಿಟ್ಟು ಮಿಕ್ಕ ಎಲ್ಲದರ ಮೇಲೂ ಅನುಮಾನ.) ಕೊನೆಗೆ ಅಮ್ಮನೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದು, ನೆಲದಡಿಯ ನೀರಿನ ತೊಟ್ಟಿ ತೋರಿಸಿ, "ಆ ಸಂಪಿನ ಮುಚ್ಚಳ ತೆಗಿ" ಅಂದಳು. ತೆಗೆದೆ. ತಕ್ಷಣ ಮುಚ್ಚಿದೆ. ಹೆಚ್ಚು ವರ್ಣಿಸುವುದಿಲ್ಲ, ನಿಮ್ಮಲ್ಲಿ ಬಹಳ ಜನ ಈ ಅಂಕಣವನ್ನು ತಿಂಡಿ ತಿನ್ನುತ್ತಾ ಓದುತ್ತೀರಿ.

ನಾವಿರುವುದು ಬಾಣಸವಾಡಿಯಲ್ಲಿ. ಕೆಳಗಿನ ಮನೆಯಲ್ಲಿ ಬಾಡಿಗೆಗೆ ನಾನು, ಅಮ್ಮ. ಮೇಲೆ ಓನರ್ ನಂಜುಂಡಪ್ಪನವರು. ಸರ್ಕಾರಿ ಕಾರ್ಖಾನೆಯಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದು ರಿಟೈರ್ ಆದವರು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸುವುದಿಲ್ಲ. ಅವರ ಮಹಡಿಗೆ ಬೋರ್‌ವೆಲ್ ನೀರು, ಕುಡಿಯಲು ಕ್ಯಾನ್. ಸಂಪಿಗೆ ಬರುವ ಕಾವೇರಿ ಪೂರ್ತಿ ನಮ್ಮದು. "ಕಾವೇರಿನೇ ನಿಮಗೆ ಬಿಟ್ಟುಕೊಟ್ಟಿದ್ದೀನಿ ನೋಡಮ್ಮಾ" ಎಂದು ಆಗಾಗ ಹೇಳುತ್ತಿದ್ದರು. ನಾವೂ ಇದು ದೊಡ್ಡ ತ್ಯಾಗ ಅಂದುಕೊಂಡಿದ್ದೆವು.

ಅವರನ್ನು ಕರೆದು ಸಂಪು ತೋರಿಸಿದೆ. ಕರ್ಚೀಫು ಮೂಗಿಗೆ ಹಿಡಿದು ದೂರದಿಂದಲೇ ತೀರ್ಪು ಕೊಟ್ಟರು. "ನೀರು ಸರ್ಕಾರದ್ದು. ಸರ್ಕಾರಕ್ಕೆ ಹೇಳಿ."

ಹೇಳಿದೆ. ನೀರಿನ ಆಫೀಸಿನಿಂದ ಒಬ್ಬರು ಬಂದೇಬಿಟ್ಟರು. (ನನಗೂ ಆಶ್ಚರ್ಯ.) ರಸ್ತೆಯಿಂದ ಬರುವ ನೀರನ್ನು ಬಾಟಲಿಯಲ್ಲಿ ಹಿಡಿದು ಬಿಸಿಲಿಗೆ ತೋರಿಸಿದರು. ಸ್ವಚ್ಛವಾಗಿತ್ತು. ಆಮೇಲೆ ಸಂಪಿನ ಪಕ್ಕದ ಸಂದಿಯಲ್ಲಿ ಇಣುಕಿದರು. ಮಳೆ ಬಂದು ಎಷ್ಟೋ ದಿನವಾಗಿದ್ದರೂ ಅಲ್ಲಿನ ಮಣ್ಣು ಒದ್ದೆ.

"ಟಾಯ್ಲೆಟ್ ನೀರು ಹೋಗೋ ಸ್ಯಾನಿಟರಿ ಪೈಪ್ ಒಡ್ದಿದೆ ಮೇಡಂ, ಸಂಪಿಗೆ ಇಳೀತಿದೆ. ರೋಡಲ್ಲಿರೋ ಲೈನ್ ಆದ್ರೆ ನಮ್ದು, ನಾವೇ ಮಾಡ್ತೀವಿ. ಅಲ್ಲಿಂದ ಒಳಗಡೆ ನೀರಿನ ಪೈಪಾಗ್ಲಿ, ಸ್ಯಾನಿಟರಿದಾಗ್ಲಿ, ಜಾಗ ಯಾರ್ದೋ ಅವ್ರ್ದು. ಈ ಸಂದಿ ಯಾರ್ದು?"

ಅಯ್ಯೋ ಪುಣ್ಯಾತ್ಮ, ಎಂಥ ಪ್ರಶ್ನೆ ಕೇಳಿದೆಯಪ್ಪಾ. ಈ ಪ್ರಶ್ನೆಗೆ ಕೋರ್ಟೇ ಇನ್ನೂ ಉತ್ತರ ಹೇಳಿಲ್ಲ.

ಸಂದಿ ಇರುವುದು ನಂಜುಂಡಪ್ಪನವರ ಮನೆಗೂ ಪಕ್ಕದ ಸೆಲ್ವರಾಜ್ ಅವರ ಮನೆಗೂ ನಡುವೆ. ಅಗಲ ಮೂರಡಿ. ಸೆಲ್ವರಾಜ್ ಅವರದು ಶಿವಾಜಿನಗರದಲ್ಲಿ ಪೈಪು, ನಲ್ಲಿ, ಕಮೋಡುಗಳ ಅಂಗಡಿ. ಒಂದು ಕಾಲದಲ್ಲಿ ಇಬ್ಬರೂ ಪ್ರಾಣಸ್ನೇಹಿತರಂತೆ. ಜೊತೆಯಲ್ಲೇ ಸೈಟು ಕೊಂಡರು, ಜೊತೆಯಲ್ಲೇ ಪಾಯ ತೆಗೆಸಿದರು, ಒಬ್ಬರ ಗೃಹಪ್ರವೇಶದ ಊಟಕ್ಕೆ ಇನ್ನೊಬ್ಬರು ಬಡಿಸಿದರು. ಆಮೇಲೆ ಸಂದಿ ಯಾರದ್ದು ಎಂಬ ಮಾತು ಬಂತು. ಈಗ ಕೇಸಿದೆ, ಮಾತಿಲ್ಲ.

ಆ ಸಂದಿಯ ಮೇಲೆ ಇಬ್ಬರಿಗೂ ಇದ್ದ ಪ್ರೀತಿ ನೋಡಬೇಕಿತ್ತು ನೀವು. ಇವರು ಹಳೇ ಟೈಲ್ಸ್ ತಂದು ಜೋಡಿಸಿದರೆ ಅವರು ಅಂಗಡಿಯಿಂದ ಮುರಿದ ವಾಶ್‌ಬೇಸಿನ್ ತಂದಿಟ್ಟರು. ಇವರು ದಾಸವಾಳ ನೆಟ್ಟರೆ ಅವರು ಕರಿಬೇವು. ಕೊನೆಗೆ ನಂಜುಂಡಪ್ಪನವರು ಟೇಪು ಹಿಡಿದು ಅಳೆದು, ಇದೇ ಗಡಿ ಎಂದು ಎಲ್ ಆಕಾರದ ಕಬ್ಬಿಣದ ಆಂಗಲ್ಲನ್ನು ಸುತ್ತಿಗೆಯಿಂದ ಹೊಡೆದು ನೆಲಕ್ಕೆ ಇಳಿಸಿದರು. ಮಾರನೇ ದಿನ ಸೆಲ್ವರಾಜ್ ಅದನ್ನು ಕಿತ್ತು, ಸ್ವಲ್ಪ ಈಚೆಗೆ ಸರಿಸಿ, ಮತ್ತೆ ಹೊಡೆದರು. ಇವರು ಮತ್ತೆ ಕಿತ್ತರು. ಹೀಗೇ ನಡೆಯಿತು. ಒಳಗೆ ಅಡುಗೆ ಮಾಡುತ್ತಲೇ, ಸುತ್ತಿಗೆಯ ಸದ್ದು ಕೇಳಿ, ಇವತ್ತು ಗಡಿ ಯಾರ ಕಡೆ ಸರಿಯಿತು ಎಂದು ಹೇಳುವಷ್ಟು ಅಮ್ಮ ಪಳಗಿದ್ದಳು.

ಇಷ್ಟು ಪ್ರೀತಿಯ ಸಂದಿಯಲ್ಲವೇ? ರಿಪೇರಿಗೆ ನಾ ಮುಂದು ತಾ ಮುಂದು ಎಂದು ಬರುತ್ತಾರೆ ಅಂದುಕೊಂಡು ಮೆಟ್ಟಿಲು ಹತ್ತಿದೆ.

"ಸರ್, ಸಂದಿಯಲ್ಲಿ ಪೈಪ್ ಒಡೆದಿದೆಯಂತೆ. ಜಾಗದ ಓನರ್ ಮಾಡಿಸ್ಬೇಕಂತೆ."

ನಂಜುಂಡಪ್ಪನವರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು. "ಮ್ಯಾಟರ್ ಕೋರ್ಟಲ್ಲಿದೆಯಮ್ಮಾ. ತೀರ್ಪು ಬರೋಕ್ಕೆ ಮುಂಚೆ ಅದು ನಂದು ಅಂತ ನಾನು ಹೇಗೆ ಹೇಳ್ಲಿ?"

"ಮೊನ್ನೆ ತಾನೇ ಹೇಳಿದ್ರಲ್ಲ ಸರ್, ಬೀದಿಗೆಲ್ಲಾ ಕೇಳೋ ಹಾಗೆ."

"ಅದು ವಾದ. ಇದು ರಿಪೇರಿ."

ಸರಿ, ಪಕ್ಕದ ಮನೆಗೆ ಹೋದೆ. ಸೆಲ್ವರಾಜ್ ಎರಡೂ ಕೈ ಎತ್ತಿ ಮುಗಿದರು.

"ನಂಗ್ಯಾಕಮ್ಮಾ ಆ ಜಾಗ? ಅವ್ರು ಅಷ್ಟು ಆಸೆ ಪಡ್ತಾರಲ್ಲ, ಅವ್ರೇ ಇಟ್ಕೊಳ್ಳಿ ಪಾಪ. ಸೆಲ್ವರಾಜ್ ಬಿಟ್ಟುಕೊಟ್ಟ ಅಂತ ಹೇಳ್ಬಿಡಿ."

"ಹಾಗಂತ ಬರೆದು ಕೊಡ್ತೀರಾ?"

"ಬರ್ದು ಯಾಕೆ ಮೇಡಂ? ಮನುಷ್ಯನಿಗೆ ಬಾಯಿ ಮಾತು ಸಾಲ್ದಾ?"

"ನಿಮ್ದೇ ಪೈಪಿನ ಅಂಗಡಿ. ಒಂದು ಪೈಪ್ ತಂದು ಹಾಕ್ಸೋಕಾಗಲ್ವಾ?"

"ಪೈಪ್ ಮಾರೋದು ನನ್ ಕೆಲ್ಸ. ಒಡ್ದಿರೋ ಪೈಪಿಗೆ ಓನರ್ ಆಗೋದಲ್ಲ."

ನಗಬೇಡಿ. ನಿಮ್ಮ ಬೀದಿಯಲ್ಲೂ ಇವರಿಬ್ಬರು ಇದ್ದಾರೆ, ಹೆಸರು ಬೇರೆ ಅಷ್ಟೆ. ಈ ಊರಿನಲ್ಲಿ ಮನೆಯ ಮುಂದಿನ ಫುಟ್‌ಪಾತು ಯಾರದ್ದು? ಅಲ್ಲಿ ಹೂಕುಂಡ ಇಡುವಾಗ ನಮ್ಮದು. "ನೋ ಪಾರ್ಕಿಂಗ್" ಬೋರ್ಡು ತೂಗುಹಾಕುವಾಗ ನಮ್ಮದು. ಕಾರು ಹತ್ತಿಸಲು ಇಳಿಜಾರು ಕಟ್ಟಿ ಚರಂಡಿಯನ್ನೇ ಮುಚ್ಚುವಾಗಲೂ ನಮ್ಮದೇ. ಅದರ ಕೆಳಗಿನ ನಮ್ಮ ಮನೆಯ ಪೈಪು ಕಟ್ಟಿಕೊಂಡ ದಿನ ಮಾತ್ರ, ಏನ್ರೀ ಮಾಡ್ತಿದೆ ಸರ್ಕಾರ? ರಿಚರ್ಡ್ಸ್ ಟೌನಿನ ನನ್ನ ಗೆಳತಿಯೊಬ್ಬಳು ಚರಂಡಿ ಚೇಂಬರಿನ ಮುಚ್ಚಳ ಅಸಹ್ಯವಾಗಿ ಕಾಣುತ್ತದೆ ಎಂದು ಅದರ ಮೇಲೆ ಗ್ರಾನೈಟ್ ಹಾಸಿಸಿದಳು. ಈಗ ಅದು ಎಲ್ಲಿದೆ ಅಂತ ಅವಳಿಗೂ ಗೊತ್ತಿಲ್ಲ, ಗಂಡನಿಗೂ ಗೊತ್ತಿಲ್ಲ. ದೇವರಮನೆಗೆ ಯಾವ ಊರಿನ ಮಾರ್ಬಲ್ ಅಂತ ಕೇಳಿ, ಇಬ್ಬರೂ ಹೇಳುತ್ತಾರೆ.

ಇಲ್ಲಿಯವರೆಗೆ ನನಗೂ ಇದು ತಮಾಷೆಯೇ ಆಗಿತ್ತು. ಆಫೀಸಿನಲ್ಲಿ ಊಟದ ಹೊತ್ತಿಗೆ ಹೇಳಿ ಎಲ್ಲರನ್ನೂ ನಗಿಸಿದ್ದೆ.

ಆಮೇಲೆ ಅಮ್ಮನಿಗೆ ಹೊಟ್ಟೆ ಕೆಟ್ಟಿತು. ಕುಡಿಯಲು, ಅಡುಗೆಗೆ ಕ್ಯಾನ್ ತರಿಸುತ್ತಿದ್ದೆವು ನಿಜ. ಆದರೆ ಅಮ್ಮ ಬಾಯಿ ಮುಕ್ಕಳಿಸುವುದಕ್ಕೆ, ಸೊಪ್ಪು ತೊಳೆಯುವುದಕ್ಕೆ ಕ್ಯಾನ್ ನೀರು ದಂಡ ಎಂದು ನಲ್ಲಿ ನೀರನ್ನೇ ಬಳಸಿದ್ದಳು. ಎದ್ದು ನಿಲ್ಲಲೂ ಆಗದೆ ಗೋಡೆ ಹಿಡಿದುಕೊಂಡಳು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ನೀರು ಎಲ್ಲಿಯದು ಎಂದು ಡಾಕ್ಟರ್ ಕೇಳಿದರು. ಸಂದಿಯ ಕತೆ ಹೇಳಿದೆ. ಅವರು ನಗಲಿಲ್ಲ. "ವಯಸ್ಸಾಗಿದೆ. ಇನ್ನೊಂದು ಸಲ ಹೀಗಾದ್ರೆ ದೇಹ ತಡ್ಕೊಳ್ಳಲ್ಲ" ಅಂದರು.

ನನಗೆ ಭಯವಾಯಿತು. ಆಟೋದಲ್ಲಿ ವಾಪಸ್ ಬರುವಾಗ ಆ ಭಯವೆಲ್ಲ ಸಿಟ್ಟಾಯಿತು. ಇಬ್ಬರು ದೊಡ್ಡ ಮನುಷ್ಯರ ಪ್ರತಿಷ್ಠೆಗೆ ನನ್ನ ಅಮ್ಮ ಸಾಯಬೇಕಾ?

"ಮನೆ ಬಿಟ್ಟುಬಿಡೋಣ ಅಮ್ಮಾ."

"ನಾನ್ಯಾಕೆ ಬಿಡ್ಲಿ? ಪೈಪ್ ಒಡ್ದಿದ್ದು ನಾನಾ?"

ಮಾರನೇ ದಿನ ಅಮ್ಮ ಗೇಟಿನ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು. ಡ್ರಿಪ್ ಹಾಕಿದ ಕೈಯಲ್ಲಿ ಇನ್ನೂ ಪ್ಲಾಸ್ಟರ್. ನಮ್ಮೆದುರಿಗೊಂದು ಲೇಡೀಸ್ ಪಿಜಿ ಇದೆ. ಅಲ್ಲಿರುವ ಹುಡುಗಿಯೊಬ್ಬಳು ಸ್ಕೂಟರ್ ನಿಲ್ಲಿಸಲು ಜಾಗ ಸಿಗದೆ ದಿನಾ ಬೀದಿ ಸುತ್ತುತ್ತಾಳೆ. ಅಮ್ಮ ಅವಳನ್ನು ಕೈಬೀಸಿ ಕರೆದಳು.

"ಬಾ ಮಗೂ, ಈ ಸಂದೀಲಿ ನಿಲ್ಸು. ಇದು ಯಾರದ್ದೂ ಅಲ್ಲ."

"ಪರ್ವಾಗಿಲ್ವಾ ಅಜ್ಜಿ?"

"ಇಬ್ಬರನ್ನೂ ಕೇಳಿದೀವಿ. ನಮ್ದಲ್ಲ ಅಂದಿದಾರೆ."

ಹುಡುಗಿ ಸ್ಕೂಟರನ್ನು ಸಂದಿಯ ಬಾಯಿಗೆ ನೀಟಾಗಿ ಸೇರಿಸಿದಳು. ಹೆಲ್ಮೆಟ್ ತೆಗೆಯುವಷ್ಟರಲ್ಲಿ ಮೇಲಿನಿಂದ ನಂಜುಂಡಪ್ಪನವರು ಇಳಿದು ಬಂದರು, ಪಕ್ಕದಿಂದ ಸೆಲ್ವರಾಜ್ ಲುಂಗಿ ಎತ್ತಿ ಕಟ್ಟುತ್ತಾ ಬಂದರು.

"ಯಾರನ್ನ ಕೇಳಿ ನಿಲ್ಸಿದ್ದಮ್ಮಾ?"

"ಅಜ್ಜಿ ಹೇಳಿದ್ರು ಅಂಕಲ್, ಇದು ಯಾರ್ದೂ ಅಲ್ವಂತೆ."

"ಇದು ನನ್ ಜಾಗ" ಅಂದರು ಇಬ್ಬರೂ. ಒಟ್ಟಿಗೇ. ಎಷ್ಟೋ ವರ್ಷಗಳ ನಂತರ ಇಬ್ಬರ ಬಾಯಲ್ಲೂ ಒಂದೇ ಮಾತು ಬಂದಿತ್ತು. ತರಕಾರಿ ಗಾಡಿಯ ಸುತ್ತ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಅಮ್ಮ ಕುರ್ಚಿಯಿಂದ ಏಳಲಿಲ್ಲ. "ಜಾಗ ನಿಮ್ದಾದ್ರೆ ಪೈಪೂ ನಿಮ್ದೇ ತಾನೇ?"

"ಅದೇ ಬೇರೆ..." ನಂಜುಂಡಪ್ಪನವರು ಶುರು ಮಾಡಿದರು.

"ಯಾವ್ದಪ್ಪಾ ಬೇರೆ?" ಅಮ್ಮ ಪ್ಲಾಸ್ಟರ್ ಹಾಕಿದ ಕೈಯನ್ನು ಮುಂದೆ ಚಾಚಿದಳು. "ಇಬ್ಬರಲ್ಲಿ ಯಾರ ಮನೆ ಕೊಳಚೆನೋ, ನನಗೆ ಕುಡಿಸಿ ಆಯ್ತು. ಇನ್ನೇನು ಬಾಕಿ ಇದೆ?"

ಸೆಲ್ವರಾಜ್ ಲುಂಗಿಯನ್ನು ಕೆಳಗೆ ಬಿಟ್ಟರು. ನಂಜುಂಡಪ್ಪನವರು ಕನ್ನಡಕ ತೆಗೆದರು, ಒರೆಸಲಿಲ್ಲ. ಪೈಪು ಸರಿ ಹೋಗುವವರೆಗೂ ಸ್ಕೂಟರ್ ಅಲ್ಲೇ ಇರಲಿ ಎಂದು ಅಮ್ಮ ಹುಡುಗಿಗೆ ಹೇಳಿ ಒಳಗೆ ಬಂದಳು.

ಮರುದಿನ ಬೆಳಿಗ್ಗೆ ಪ್ಲಂಬರ್ ಬಂದ. ಒಬ್ಬನಲ್ಲ, ಇಬ್ಬರು. ಇವರು ಕರೆಸಿದವನು ಈ ಕಡೆಯಿಂದ ಅಗೆದ, ಅವರು ಕರೆಸಿದವನು ಆ ಕಡೆಯಿಂದ. ಟೈಲ್ಸ್ ಎದ್ದವು, ವಾಶ್‌ಬೇಸಿನ್ ಹೊರಗೆ ಬಂತು, ದಾಸವಾಳ, ಕರಿಬೇವು ಎರಡೂ ಹೋದವು. ನಡುವೆ ಇಬ್ಬರ ಸಲಿಕೆಗಳೂ ಬಂದು ತಗುಲಿದ್ದು ಒಂದೇ ಪೈಪಿಗೆ.

"ಬೇರೆ ಬೇರೆ ಲೈನ್ ಇಲ್ಲ ಸಾರ್. ಎರಡೂ ಮನೇದು ಇದ್ರಲ್ಲೇ ಹೋಗ್ತಿದೆ."

ಸೆಲ್ವರಾಜ್ ಗುಂಡಿಯೊಳಗೆ ಬಗ್ಗಿ ನೋಡಿದರು. "ನಮ್ ಅಂಗಡಿ ಮಾಲು" ಅಂದರು, ಯಾರಿಗೂ ಅಲ್ಲ ಎಂಬಂತೆ. "ಮನೆ ಕಟ್ಟೋವಾಗ ನಾವಿಬ್ರೂ ಸೇರಿ ಹಾಕ್ಸಿದ್ದು."

"ಎರಡು ಯಾಕೆ, ಒಂದು ಸಾಕು ಅಂದೋನು ನೀನೇ" ಅಂದರು ನಂಜುಂಡಪ್ಪನವರು.

ಮೇಲೆ ಕೇಸು ನಡೆದಷ್ಟು ವರ್ಷವೂ ಕೆಳಗೆ ಎರಡು ಮನೆಗಳದ್ದೂ ಒಂದೇ ಪೈಪಿನಲ್ಲಿ ತಕರಾರಿಲ್ಲದೆ ಹರಿದಿತ್ತು.

ಒಬ್ಬ ಪ್ಲಂಬರ್ ಒಂದು ಬಕೆಟ್ ನೀರು ಸುರಿದು ಪೈಪಿನ ಮೇಲಿನ ಮಣ್ಣು ತೊಳೆದ. ಆಗ ಕಂಡವು ತೂತುಗಳು. ಎರಡು, ಅಕ್ಕಪಕ್ಕದಲ್ಲಿ. ಎರಡೂ ಕಬ್ಬಿಣದ ಆಂಗಲ್ಲಿನದೇ ಆಕಾರ. ಒಂದು ಇವರ ಗಡಿ, ಇನ್ನೊಂದು ಅವರ ಗಡಿ. ಯಾವುದು ಮೊದಲಿನದು ಎಂದು ಯಾವ ಕೋರ್ಟೂ ಹೇಳಲಾರದು. ನಂಜುಂಡಪ್ಪನವರ ಕೈ ಅಭ್ಯಾಸದಂತೆ ಜೇಬಿನ ಟೇಪಿಗೆ ಹೋಯಿತು, ತೂತುಗಳ ನಡುವಿನ ಅಂತರ ಅಳೆಯಲು. ಅರ್ಧ ಎಳೆದು ಹಾಗೇ ಒಳಗೆ ಬಿಟ್ಟರು.

ಅಮ್ಮ ಎಲ್ಲರಿಗೂ ಕಾಫಿ ಮಾಡಿಸಿದಳು. (ಕ್ಯಾನ್ ನೀರಿನದು, ಹೆದರಬೇಡಿ.) ನಂಜುಂಡಪ್ಪನವರು ಲೋಟಕ್ಕೆ ಕೈಹಾಕುವಾಗ ಸೆಲ್ವರಾಜ್ ತಡೆದರು. "ಅದ್ರಲ್ಲಿ ಸಕ್ಕರೆ ಇದೆ. ನಿಂಗೆ ಶುಗರ್ ಅಲ್ವಾ, ಇದು ತಗೋ." ಲೋಟಗಳು ಅದಲುಬದಲಾದವು. ಈ ಅಂಕಣಕ್ಕೆ ಎಂಥ ಮುಕ್ತಾಯ ಸಿಕ್ಕಿತಲ್ಲ ಎಂದು ನನಗೆ ಅನ್ನಿಸಿತು, ಸುಳ್ಳೇಕೆ ಹೇಳಲಿ. ಬರೆಯುವವರ ದುರಾಸೆಯೇ ಅಷ್ಟು.

ಹೊಸ ಪೈಪು ಬಂತು. ಸಂಪು ಖಾಲಿ ಮಾಡಿ, ಬಿರುಕಿಗೆ ಸಿಮೆಂಟು ಮೆತ್ತಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದರು. ಸ್ಕೂಟರ್ ಮತ್ತೆ ಬೀದಿ ಸುತ್ತುವುದಕ್ಕೆ ಹೋಯಿತು. ಗುಂಡಿ ಮುಚ್ಚುವ ಮೊದಲು ನಂಜುಂಡಪ್ಪನವರು ಹೊಸ ಪೈಪಿನ ಪಕ್ಕ ನಿಂತು ನನ್ನ ಕೈಯಲ್ಲಿ ಒಂದು ಫೋಟೋ ತೆಗೆಸಿಕೊಂಡರು. ಆಮೇಲೆ ಸೆಲ್ವರಾಜ್ ಕೂಡ ಬಂದು ಅದೇ ಜಾಗದಲ್ಲಿ ನಿಂತರು. ನೆನಪಿಗಿರಬೇಕು ಅಂದುಕೊಂಡು ನಾನು ಇಬ್ಬರಿಗೂ ನಗಿ ಎಂದು ಬೇರೆ ಹೇಳಿದೆ. ಫೋಟೋಗಳು ಹೋಗಿದ್ದು ವಕೀಲರಿಗೆ. ರಿಪೇರಿ ಮಾಡಿಸಿದವರದ್ದೇ ಜಾಗ ಎಂಬುದು ಈಗ ಇಬ್ಬರ ಹೊಸ ವಾದ.

ಅಮ್ಮ ಈಗ ಚೆನ್ನಾಗಿದ್ದಾಳೆ. ನಲ್ಲಿ ನೀರಿನ ಕಾಫಿ ಮತ್ತೆ ಶುರುವಾಗಿದೆ. ನಿನ್ನೆ ಬೆಳಿಗ್ಗೆ ಲೋಟ ತುಟಿಗೆ ತಾಗುವಷ್ಟರಲ್ಲಿ ಸಂದಿಯಿಂದ ಠಣ್ ಠಣ್ ಎಂದು ಸುತ್ತಿಗೆಯ ಸದ್ದು ಕೇಳಿಸಿತು. ಅಮ್ಮ ಲೋಟವನ್ನು ಮೂಗಿನ ಹತ್ತಿರ ತಂದು ಒಮ್ಮೆ ಮೂಸಿ ನೋಡಿ, ನನ್ನನ್ನು ಕೇಳಿದಳು:

"ಈ ಸಲದ ತೂತು ಯಾರದ್ದೇ?"