ನಾಚು ಅಂದವಳು

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವಳು ನಾನು. ಹೊಟ್ಟೆ ತುಂಬಿದವರ ಮಾತು ಎಂದು ಮುಖಕ್ಕೇ ಹೇಳಿದ್ದೇನೆ. ಓದಿದ್ದು ಮೂರನೇ ಇಯತ್ತೆ. ಆದರೆ ಇದೊಂದನ್ನು ಓದಿದವರೂ ನನಗೆ ಬಿಡಿಸಿ ಹೇಳಲಿಲ್ಲ.

ಮಗ ನೇವಿಯಲ್ಲಿದ್ದಾನೆ. ಅವನ ಜೊತೆ ಹಾವೇರಿ ಕಡೆಯಿಂದ ವಿಶಾಖಪಟ್ಟಣದ ಎಂವಿಪಿ ಕಾಲೋನಿಗೆ ಬಂದು ಆಗ ಒಂದು ವರ್ಷವೂ ಆಗಿರಲಿಲ್ಲ. ತೆಲುಗು ನನಗೆ ಉಪ್ಪು, ಎಣ್ಣೆ ಕೇಳುವಷ್ಟು ಬರುತ್ತಿತ್ತು. ತಂಗಿ ಶಾಂತವ್ವನನ್ನು ವಿಜಯವಾಡದ ಹತ್ತಿರದ ಹಳ್ಳಿಗೆ, ತೆಲುಗರ ಮನೆಗೆ ಕೊಟ್ಟು ನಲವತ್ತು ವರ್ಷವಾಗಿತ್ತು. ಆ ಬೇಸಿಗೆ ಅವಳಿಗೆ ಕಾಮಾಲೆಯಾಗಿ ವಾಸಿಯಾಗಿತ್ತು, ಸುಸ್ತು ಹೋಗಿರಲಿಲ್ಲ. ಆರೈಕೆಗೆ ಹೋದೆ.

ಕಾಲುವೆ ನೀರು ನಿಲ್ಲಿಸಿದ್ದರು, ನಲ್ಲಿ ಒಣಗಿತ್ತು. ಕ್ಯಾನ್ ನೀರಿನ ಗಾಡಿಯೂ ಬರಲಿಲ್ಲ. ಕೊಡ ಹಿಡಿದು ಕೆರೆಗೆ ನಡೆದೆ. ಯಾರೋ ಹಸಿರು ಬಣ್ಣ ಕದಡಿ ಸುರಿದಂತಿತ್ತು ನೀರು. ಸುಡು ಮಧ್ಯಾಹ್ನ. ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿ ಇಳಿದೆ.

ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಕುಳಿತಿದ್ದಳು. ಮುಖದ ತುಂಬ ಸೆರಗು. ಎಡಗೈ ಮೇಲೆ ಹತ್ತಿ, ಅದರ ಮೇಲೆ ಬಿಳಿ ಪಟ್ಟಿ. ಕಣ್ಣು ಮಾತ್ರ ಕಾಣುತ್ತಿತ್ತು, ಅರಿಶಿನದಷ್ಟು ಹಳದಿ. ನನ್ನ ಕಡೆ ಕೈ ಮಾಡಿ, ಕಟ್ಟಿದ ಗಂಟಲಲ್ಲಿ, “ನಾಚು” ಎಂದಳು.

ನನಗೆ ಸಿಟ್ಟು ಬಂತು. “ಈ ವಯಸ್ಸಿನ್ಯಾಗ ಯಾರಿಗೆ ನಾಚಲಿ? ನೀನ ಕಣ್ಣ ಮುಚ್ಕೊ!” ಎಂದೆ.

“ನಾಚು, ನಾಚು” ಎಂದಳು ಮತ್ತೆ.

ಸೀರೆ ಇಳಿಸಿ, ಕೊಡ ತುಂಬಿ ತಿರುಗಿದರೆ ಮೆಟ್ಟಿಲು ಖಾಲಿ. ಎದ್ದು ಹೋದ ಸಪ್ಪಳವೂ ಇಲ್ಲ.

ನೀರನ್ನು ಎರಡು ಸಲ ಬಟ್ಟೆಯಲ್ಲಿ ಸೋಸಿ ಕೊತಕೊತ ಕುದಿಸಿದೆ. ಶಾಂತವ್ವ ಮಂಚದ ಮೇಲೇ ಮೂಗು ಮುರಿದಳು. “ಅಕ್ಕಾ, ಮಣ್ಣಿನ ವಾಸನಿ ಬರತೈತಿ.”

“ಕುದಿಸೇನಿ, ಕುಡಿ. ಭಾಳ ರಾಣಿ ಆಗಬ್ಯಾಡ” ಎಂದು ನಾನೇ ಲೋಟ ಹಿಡಿದು ಕುಡಿಸಿದೆ. ನಾಲ್ಕು ದಿನ ಅದೇ ನೀರು. ನನಗೆ ಎರಡು ಸಲ ವಾಂತಿಯಾಗಿ ನಿಂತಿತು. ಅವಳ ಕಣ್ಣು ಮತ್ತೆ ಹಳದಿಯಾಯಿತು.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು. ನೀರಿನ ವಿಷಯ ಕೇಳಿ ಡಾಕ್ಟರು ಹೇಳಿದ್ದನ್ನು ಅವಳ ಗಂಡ ತನಗೆ ಬರುವ ಕನ್ನಡದಲ್ಲಿ ಹೇಳಿದ. “ವದಿನಾ, ಕುದಿಸಿದ್ರೆ ಕ್ರಿಮಿ ಸಾಯ್ತಾವೆ, ಈ ವಿಷ ಸಾಯೋದಿಲ್ಲಂತೆ. ಕುದಿಸಿದ್ರೆ ನಾಚು ಒಡೆದು ವಿಷ ನೀರಲ್ಲಿ ಇನ್ನೂ ಬೆರೀತದಂತೆ. ಸೀದಾ ಲಿವರ್‌ಗೇ ಹೋಗ್ತದಂತೆ. ಇವಳ ಲಿವರ್ ಮೊದಲೇ ಸೋತಿತ್ತು.”

“ನಾಚು ಅಂದ್ರೇನು?”

“ನೀರ ಮೇಲಿನ ಹಸಿರು, ವದಿನಾ. ನೀವು ಪಾಚಿ ಅಂತೀರಲ್ಲ.”

ಒಳಗೆ ಹೋದೆ. ಎಸಿ ಚಳಿಗೆ ಶಾಂತವ್ವ ಸೆರಗನ್ನು ಮುಖದ ತುಂಬ ಎಳೆದುಕೊಂಡಿದ್ದಳು. ಎಡಗೈಯ ಸೂಜಿ ತೆಗೆದು ಬಲಗೈಗೆ ಹಾಕಿದ್ದರು. ಎಡಗೈ ಮೇಲೆ ಹತ್ತಿ, ಬಿಳಿ ಪಟ್ಟಿ. ಆ ಕಣ್ಣುಗಳು ನನ್ನನ್ನು ನೋಡಿದವು. ಬಾಗಿಲಲ್ಲೇ ನಿಂತುಬಿಟ್ಟೆ.

ಐದನೇ ದಿನ ಹೋದಳು. ಹಳ್ಳಿಯಲ್ಲಿ ಮನೆಮನೆಗೆ ಹೋಗಿ ವಿಚಾರಿಸಿದೆ. ಕಾಮಾಲೆಯಾದ ಬೇರೆ ಹೆಂಗಸು ಯಾರೂ ಇರಲಿಲ್ಲ. ನಾನೇ ಕುಡಿಸಿದೆ ಎಂಬ ಸಂಕಟಕ್ಕೆ ನಿನಗೆ ಹಾಗೆ ಅನಿಸುತ್ತದೆ ಎನ್ನುತ್ತಾನೆ ಮಗ. ಕೆರೆಯ ಮೆಟ್ಟಿಲ ಮೇಲೆ ನಾನು ಅವಳನ್ನು ಕಂಡಿದ್ದು ಕುಡಿಸುವ ಮೊದಲು.

ಬಂದವಳು ಶಾಂತವ್ವನೇ ಆಗಿದ್ದರೆ, ನನಗೆ ತೆಲುಗು ಬಾರದು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಪಾಚಿ ಎಂದು ಕನ್ನಡದಲ್ಲಿ ಯಾಕೆ ಹೇಳಲಿಲ್ಲ?