ಹಪ್ಪಳದ ಕೆಳಗಿನ ಕಾಗದ

ಪಾಲಾರಿವಟ್ಟದ ಹೋಟೆಲಿನಲ್ಲಿ ಹಪ್ಪಳ ಕರಿಯುವ ಪರಿಮಳ ಬಂದರೆ ನಿಮಗೆ ಹಸಿವಾದೀತು. ನನಗೆ ಮನಶ್ಶಾಸ್ತ್ರ ನೆನಪಾಗುತ್ತದೆ. ನಗಬೇಡಿ, ಸ್ವಲ್ಪ ಕೇಳಿ.

ಕೆಲವು ವರ್ಷಗಳ ಹಿಂದೆ ಕಳಕ್ಕೂಟಂನ ಹಾಸ್ಟೆಲಿನಲ್ಲಿ ನಾವು ಕಾಸರಗೋಡಿನ ಏಳೆಂಟು ಮಂದಿ ಕನ್ನಡದವರಿದ್ದೆವು. ನನ್ನ ವಿದ್ಯಾರ್ಹತೆ ಎಂದರೆ ಎಲ್ಲರನ್ನೂ ಅಣಕಿಸುವುದು. ಫೋನಿನಲ್ಲಿ ಮಾತಾಡುತ್ತಿರುವುದು ಮಗನೇ ಹೌದೋ ಎಂದು ನನ್ನ ಅಮ್ಮನಿಗೂ ಅನುಮಾನ. ನಮ್ಮ ಸುಧಾಕರಣ್ಣ ತಿಂಗಳಿಗೊಮ್ಮೆ ಕನ್ನಡ ಗೋಡೆಪತ್ರಿಕೆ ಬರೆದು ಮೆಸ್ಸಿನಲ್ಲಿ ಅಂಟಿಸುತ್ತಿದ್ದ. ಓಣಂ ಊಟದ ದಿನ ಮೆಸ್ಸಿನ ಉಸ್ತುವಾರಿಯ ಮಲಯಾಳಿ ಬಿಜುಚೇಟ (ಚೇಟ ಅಂದರೆ ಅವರಲ್ಲಿ ಅಣ್ಣ) ಅದನ್ನು ಕಿತ್ತು, ಹಪ್ಪಳದ ಎಣ್ಣೆ ಇಳಿಯಲೆಂದು ಬುಟ್ಟಿಗೆ ಹಾಸಿದ. "ಓದುವವರು ಎಷ್ಟು ಮಂದಿ?" ಎಂದೂ ಕೇಳಿದ. ಆಮೇಲೆ ಕನ್ನಡದವರಿಗೂ ಮಲಯಾಳಿಗಳಿಗೂ ಮಾತಿಲ್ಲ. ಸುಧಾಕರಣ್ಣ ಪೆಟ್ಟಿಗೆ ಕಟ್ಟಿ ಲಾಡ್ಜ್ ಹುಡುಕತೊಡಗಿದ.

ಜಗಳವಾಡಿದ ಗುಂಪುಗಳು ಹೇಗೆ ಮತ್ತೆ ಒಂದಾಗುತ್ತವೆ ಎಂದು ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದ ನಮ್ಮೂರಿನ ಶಾಲಿನಿ ಅಕ್ಕನಿಗೆ ನಾವು ಹಬ್ಬದೂಟದ ಹಾಗೆ ಸಿಕ್ಕಿದೆವು. "ನೊಂದವನಿಗೆ ಮರ್ಯಾದೆ ಬೇಕು. ನೋಯಿಸಿದವನಿಗೆ, ನೀನು ಪೂರಾ ಕೆಟ್ಟವನಲ್ಲ ಅಂತ ಯಾರಾದರೂ ಹೇಳಬೇಕು. ಎರಡೂ ಎದುರಿನವನ ಕೈಯಲ್ಲೇ ಉಂಟು," ಎಂದಳು.

"ಅಷ್ಟೇಯಾ?" ಎಂದು ನಾನು ಬಿಜುಚೇಟನ ದನಿಯಲ್ಲಿ, ಮೀಸೆ ತಿರುವುತ್ತ, ಕ್ಷಮೆ ಕೇಳಿಯೇಬಿಟ್ಟೆ. ಸುಧಾಕರಣ್ಣ ನಕ್ಕ; ಪೆಟ್ಟಿಗೆ ಬಿಚ್ಚಲಿಲ್ಲ.

"ನೀನು ಕೇಳಿದರೆ ಅವನು ಕೇಳಿದ ಹಾಗೆ ಆಗುವುದಿಲ್ಲ ಮಾರಾಯ," ಎಂದಳು ಅಕ್ಕ. "ಬಿಜುವಿನ ಎದುರು ಹೋಗಿ ಸುಧಾಕರನನ್ನು ಮಾಡಿ ತೋರಿಸು."

"ಮಾಡಲಿ," ಎಂದ ಸುಧಾಕರಣ್ಣ. "ಕೆಮ್ಮು ಸ್ವಲ್ಪ ಕಡಿಮೆ ಮಾಡು."

ಕಡಿಮೆ ಮಾಡಲಿಲ್ಲ. ಸಂಜೆ ಮೆಸ್ಸಿನಲ್ಲಿ ಮಾತಿಗೊಮ್ಮೆ ಕೆಮ್ಮಿ, ಇಲ್ಲದ ಕನ್ನಡಕ ಏರಿಸಿದೆ. ಬಿಜುಚೇಟ ಮೇಜು ಬಡಿದು ನಕ್ಕ. ಆಮೇಲೆ, ಅಂದು ಸುಧಾಕರಣ್ಣ ಆ ಕಾಗದವನ್ನು ಬುಟ್ಟಿಯಿಂದ ತೆಗೆದು ಉಟ್ಟ ಮುಂಡಿನ ಅಂಚಿನಿಂದ ಎಣ್ಣೆ ಹೀರಿಸಿದ್ದನ್ನು ಮಾಡಿ ತೋರಿಸಿದೆ. ಶಾಯಿ ಹರಡೀತೆಂದು ಅವನು ಉಜ್ಜಿರಲಿಲ್ಲ. ಮೆಲ್ಲಗೆ ಒತ್ತಿದ್ದ, ಅಷ್ಟೆ. ನಗು ನಿಂತಿತು.

"ಹೀಗೆ ಮಾಡಿದನಾ?" ಎಂದು ಬಿಜುಚೇಟ ಮಲಯಾಳದಲ್ಲಿ ಕೇಳಿ, ನೇರ ಸುಧಾಕರಣ್ಣನ ಕೋಣೆಗೆ ನಡೆದ. ನಾವೆಲ್ಲ ಬಾಗಿಲಿಗೆ ಕಿವಿಯಿಟ್ಟೆವು.

"ಎಡಾ, ನಿನ್ನದು ಅಂತ ಗೊತ್ತಿದ್ದೇ ಕಿತ್ತೆ. ತಪ್ಪಾಯಿತು."

ಸುಧಾಕರಣ್ಣ ಕೆಮ್ಮಿದ. ನನ್ನ ಕೆಮ್ಮಿನಷ್ಟು ಚೆನ್ನಾಗಿರಲಿಲ್ಲ. "ಅವತ್ತಿನ ಪಾಯಸ ಒಳ್ಳೆದಿತ್ತು ಬಿಜು. ಸಿಟ್ಟಲ್ಲಿ ಹೇಳಲಿಲ್ಲ. ಮುಂದಿನ ಪತ್ರಿಕೆ ನೀನೇ ಅಂಟಿಸು. ತಲೆಕೆಳಗೆ ಬೇಡ."

ಒಳಗೆ ಪೆಟ್ಟಿಗೆಯ ಹಗ್ಗ ಬಿಚ್ಚುವ ಸದ್ದು ಕೇಳಿಸಿತು.

ಇವತ್ತು ಪಾಲಾರಿವಟ್ಟದಲ್ಲಿ ನನ್ನೆದುರು ಕೂತಿರುವವನು, ಈಗ ಇಲ್ಲೇ ಹತ್ತಿರದ ವಲ್ಲಾರ್ಪಾಡಂನಲ್ಲಿ ಕೆಲಸಕ್ಕಿರುವ ಅದೇ ಬಿಜುಚೇಟ. ಹಪ್ಪಳ ಬಂದೊಡನೆ ಎಂದಿನಂತೆ ಒಂದನ್ನೆತ್ತಿ ಕೆಳಗಿನ ಕಾಗದ ನೋಡಿದ. ಸೀರೆಯಂಗಡಿಯ ಜಾಹೀರಾತು. ಸಮಾಧಾನದಿಂದ ಮುರಿದು ತಿಂದ. ಆ ನೋಟವನ್ನು ಕನ್ನಡಿಯೆದುರು ಎಷ್ಟೋ ಸಲ ಅಣಕಿಸಲು ನೋಡಿದ್ದೇನೆ, ಬರುವುದಿಲ್ಲ. ಇವತ್ತು ಆ ಪ್ರಯತ್ನ ಬಿಟ್ಟು, ನಾನೂ ನನ್ನ ಹಪ್ಪಳವನ್ನೆತ್ತಿ ಕೆಳಗೆ ನೋಡಿದೆ.