ಹೊಳ್ಳಿ ಬರೋದು ಎಷ್ಟಕ್ಕ?

ಒಂದು ಕಡೆ ಕೂರುವುದು ನನ್ನ ಜಾಯಮಾನವಲ್ಲ. ಡೊಂಬಿವಲಿಯಲ್ಲಿ ಲೋಕಲ್ ರೈಲುಗಾಡಿ ಹತ್ತಿ, ಠಾಣೆ ಸ್ಟೇಷನ್ನಿನಲ್ಲಿ ಬದಲಿಸಿ, ಬೇಲಾಪುರದ ಆಫೀಸು ಮುಟ್ಟುವವರೆಗೂ ಬಾಗಿಲ ಹತ್ತಿರವೇ ನಿಂತಿರುತ್ತೇನೆ. ಸೀಟು ಸಿಕ್ಕರೂ ಕೂರುವುದಿಲ್ಲ. ಇಂಥವನ ಕೊರಳಿಗೆ ಒಂದು ಪ್ರವಾಸದ ಆ್ಯಪ್‌ನ ವಿನ್ಯಾಸ ಬಿತ್ತು. ಜನ ಅದನ್ನು ನೋಡಿ ಆರಾಮವಾಗಿ ತಿರುಗಾಡುವ ಹೊಸ ಜಾಗಗಳನ್ನು ಹುಡುಕಿಕೊಳ್ಳಬೇಕು. ಮೊದಲ ಸ್ಕ್ರೀನನ್ನೇ ಎಷ್ಟು ಸಲ ಅಳಿಸಿ ಮಾಡಿದೆನೋ. ಪ್ರತಿ ಸಲವೂ ನಮ್ಮ ಮೇಡಂ, "ಚಂದ ಇದೆ. ಇದನ್ನ ನೋಡಿ ಯಾರಾದ್ರೂ ಮನೆ ಬಿಟ್ಟು ಹೊರಡ್ತಾರಾ?" ಅನ್ನುವರು. ಕೊನೆಗೆ, ಸೋಮವಾರದೊಳಗೆ ಹಾಗೆ ಹೊರಟ ಒಬ್ಬರನ್ನಾದರೂ ತೋರಿಸು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಕೊಡುತ್ತೇನೆ ಎಂದುಬಿಟ್ಟರು.

ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಧಾರವಾಡದಿಂದ ಮದುವೆಯಾಗಿ ಬಂದವಳು ಮಾರ್ಕೆಟ್ಟು, ಗುಡಿ ಬಿಟ್ಟು ಬೇರೆಲ್ಲಿಗೂ ಹೋದವಳಲ್ಲ. ಫೋನು ಅವಳ ಕೈಗೆ ಕೊಟ್ಟೆ. ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಕೋಟೆ, ಕೆರೆ, ಬೆಟ್ಟಗಳನ್ನೆಲ್ಲ ಸರಸರ ಸರಿಸಿದಳು.

"ಎಲ್ಲಾ ಛಲೋ ಅದ. ಹೊಳ್ಳಿ ಬರೋದು ಎಷ್ಟಕ್ಕ? ಅದು ಎಲ್ಲಿ ಅದ ಇದರಾಗ?"

"ಹೋಗೋಕ್ಕಿಂತ ಮೊದಲ ಬರೋ ಚಿಂತಿ ಯಾಕವ್ವಾ?" ನನಗೆ ರೇಗಿಹೋಗಿತ್ತು.

"ನಾ ಏಳಕ್ಕ ಮನ್ಯಾಗ ಇರಬೇಕಪಾ."

ಏಳಕ್ಕೇ ಯಾಕೆ ಎಂದು ನಾನು ಕೇಳಲಿಲ್ಲ. ದೇವರ ದೀಪವೋ ಧಾರಾವಾಹಿಯೋ ಇರಬೇಕು ಅಂದುಕೊಂಡೆ. ಆದರೆ ಮಾತು ತಲೆಯೊಳಗೆ ಕೊರೆಯತೊಡಗಿತು. ಮರುದಿನ ಗಾಡಿಯಲ್ಲಿ ಕಿವಿಗೊಟ್ಟರೆ, ಸುತ್ತಲಿನವರ ಮಾತೂ ಸಂಜೆ ಮನೆ ಮುಟ್ಟಿಸುವ ಗಾಡಿಯದ್ದೇ. ಮೊದಲ ಸ್ಕ್ರೀನಿನಿಂದ 'ಎಲ್ಲಿಗೆ ಹೋಗಬೇಕು?' ಎನ್ನುವುದನ್ನು ಕಿತ್ತು, 'ಎಷ್ಟು ಗಂಟೆಗೆ ಮನೆಯಲ್ಲಿರಬೇಕು?' ಎಂದು ಹಾಕಿದೆ. ಇದೇನು ಪ್ರವಾಸವೋ ಹಾಸ್ಟೆಲ್ಲೋ ಎಂದು ಆಫೀಸಿನವರು ನಕ್ಕರು.

ಹೊಸ ಸ್ಕ್ರೀನಿನಲ್ಲಿ ಅವ್ವ ಏಳು ಒತ್ತಿದಳು. ಐರೋಲಿಯ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಅಲ್ಲಿನ ಫ್ಲೆಮಿಂಗೊ ಹಕ್ಕಿಗಳು ಬಂದವು. ದಿನಕ್ಕೆರಡು ಸಲ ಆ ಸ್ಟೇಷನ್ ದಾಟುವ ನಾನು ಒಮ್ಮೆಯೂ ಅಲ್ಲಿ ಇಳಿದವನಲ್ಲ. ಶುಕ್ರವಾರ, ಕೆಳಗಿನ ಮನೆಯ ಉಡುಪಿ ಕಡೆಯ ಹೆಂಗಸಿನ ಜೊತೆ ಅವ್ವ ಹೊರಟೇಬಿಟ್ಟಳು.

ಮಧ್ಯಾಹ್ನ ಬೋಟಿನಿಂದ ಫೋಟೊ ಕಳಿಸಿದಳು. ಹಕ್ಕಿಗಳು ಅರ್ಧ, ಅವಳ ಹೆಬ್ಬೆರಳು ಅರ್ಧ. ಅದನ್ನೇ ಹಿಡಿದು ಆಫೀಸೆಲ್ಲ ಸುತ್ತಿದೆ. ಮೇಡಂ ನೋಡಿದರು, ನನ್ನ ಸ್ಕ್ರೀನನ್ನು ಒಪ್ಪಿದರು. ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಏಳಾಗಿತ್ತು. ಬಾಗಿಲಿಗೆ ಬೀಗ. ಫೋನು ಮಾಡಿದೆ.

"ಠಾಣೇದಾಗ ಇಳದೀವಿ. ಕೆರಿ ದಂಡ್ಯಾಗ ಕೂತೇವಿ, ಗಾಳಿ ಭಾಳ ಛಲೋ ಅದ. ಇನ್ನೂ ಸ್ವಲ್ಪ ಕೂಡಬೇಕನಸ್ತದ," ಅಂದಳು. ಆಮೇಲೆ ದನಿ ತಗ್ಗಿಸಿ, "ನೀ ಬಂದ್ಯಾ? ನಿನಗ ಬಾಗಲಾ ತಗೀಬೇಕಂತನ ಏಳಕ್ಕ ಬರ್ತೀನಿ ಅಂದಿದ್ದೆ. ಕೀಲಿ ಅದ ಇಲ್ಲೋ ನಿನ್ನ ಹತ್ರ?"

ಇರಲಿಲ್ಲ. ಇದ್ದದ್ದೇ ಇಲ್ಲ. ಪಾಟೀಚೀಲ ಹೊತ್ತು ಶಾಲೆಯಿಂದ ಬರುತ್ತಿದ್ದ ದಿನದಿಂದ ಲ್ಯಾಪ್‌ಟಾಪ್ ಹೊತ್ತು ಬರುವ ಇಂದಿನವರೆಗೂ ಈ ಬಾಗಿಲು ತೆಗೆದವಳು ಅವ್ವನೇ. ಅವಳು ಎಲ್ಲಿಗೂ ಹೋಗದಂತೆ ತಡೆದದ್ದು ದೀಪವೂ ಅಲ್ಲ, ಧಾರಾವಾಹಿಯೂ ಅಲ್ಲ. ಬಹಳ ನಾಚಿಕೆಯಾಯಿತು. ಇಲ್ಲ ಅಂದರೆ ಮುಂದಿನ ಗಾಡಿಗೇ ಓಡಿ ಬರುತ್ತಾಳೆ.

"ಕೀಲಿ ಅದವ್ವಾ. ಸಾವಕಾಶ ಕೂತು ಬಾ," ಅಂದೆ.

ಚೀಲ ಇಳಿಸಿ ಮೆಟ್ಟಿಲ ಮೇಲೆ ಕೂತೆ. ಎರಡು ನಿಮಿಷಕ್ಕೆ ಎದ್ದೆ. ಮತ್ತೆ ಕೂತೆ.